ಊಟದಿಂದ ರಕ್ತ ‘ಹುಳಿ’ ಆಗುತ್ತಾ? ಆಲ್ಕಲೈನ್ ನೀರು, ಪುಡಿಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

‘ನಿಮ್ಮ ದೇಹ ಆಸಿಡಿಕ್ ಆಗಿದೆ, ಶುಗರ್, ಬಿಪಿ, ಮಂಡಿನೋವು, ಕ್ಯಾನ್ಸರ್ ಎಲ್ಲಾ ಬರೋದು ಅದಕ್ಕೇ. ದೇಹವನ್ನ ಆಲ್ಕಲೈನ್ ಮಾಡ್ಕೊಂಡ್ರೆ ಯಾವ ರೋಗವೂ ಹತ್ತಿರ ಸುಳಿಯಲ್ಲ.’ ಈ ಅರ್ಥದ ಮೆಸೇಜು ನಿಮ್ಮ ಫೋನಿಗೂ ಒಂದಲ್ಲ ಒಂದು ಗ್ರೂಪಿನಿಂದ ಬಂದಿರುತ್ತೆ. ಮೆಸೇಜಿನ ಹಿಂದೆನೇ ಮಾಲು ಬರುತ್ತೆ. ಆಲ್ಕಲೈನ್ ನೀರಿನ ಬಾಟಲಿ, ನೀರಿಗೆ ಹಾಕೋ ಹನಿ, ಡಬ್ಬಿಯಲ್ಲಿ ಪುಡಿ, ಕೊನೆಗೆ ಲಕ್ಷ ರೂಪಾಯಿ ದಾಟುವ ಮಿಷಿನ್. ಇವನ್ನ ಮಾರಿದ್ರೆ ಒಳ್ಳೆ ಕಮಿಷನ್ ಸಿಗುತ್ತೆ ಅಂತ ಅಂಗಡಿಯವರನ್ನೂ ಏಜೆಂಟರು ಹುಡುಕಿಕೊಂಡು ಬರ್ತಾರೆ.

ಇದರಲ್ಲಿ ನಿಜ ಎಷ್ಟು? ಒಂದೇ ಮಾತಲ್ಲಿ ಹೇಳೋದಾದ್ರೆ, ನೀವು ಏನು ತಿಂದ್ರೂ ಏನು ಕುಡಿದ್ರೂ ಆರೋಗ್ಯವಂತರ ರಕ್ತದ ಹುಳಿ-ಕ್ಷಾರದ ಮಟ್ಟ ಬದಲಾಗಲ್ಲ. ಅದನ್ನ ಕಾಯೋ ಕೆಲಸ ಶ್ವಾಸಕೋಶ ಮತ್ತು ಕಿಡ್ನಿದು. ಆ ಅಂಗಗಳು ಕೈಕೊಟ್ಟಾಗ, ಇಲ್ಲವೇ ಶುಗರ್ ಹತೋಟಿ ತಪ್ಪಿದಾಗ ರಕ್ತ ನಿಜವಾಗಲೂ ಹುಳಿಯಾಗಬಹುದು. ಆಗ ಬೇಕಾಗಿರೋದು ಆಸ್ಪತ್ರೆ, ಬಾಟಲಿ ನೀರಲ್ಲ. ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಪಿಎಚ್ ಅಂದ್ರೆ ಏನು?

ರೈತರಿಗೆ ಇದು ಹೊಸದಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ಮಣ್ಣು ಕೊಟ್ಟು ಪರೀಕ್ಷೆ ಮಾಡಿಸಿದ್ರೆ ಬರೋ ಮಣ್ಣು ಆರೋಗ್ಯ ಚೀಟಿಯಲ್ಲಿ ‘ರಸಸಾರ’ ಅಂತ ಒಂದು ಸಾಲು ಇರುತ್ತೆ ನೋಡಿ, ಅದೇ ಪಿಎಚ್. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಬಿಯರ್ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದ ಸೋರೆನ್ಸೆನ್ ಅನ್ನೋ ವಿಜ್ಞಾನಿ 1909ರಲ್ಲಿ ಮಾಡಿದ ಅಳತೆ ಇದು. ಸಾಮಾನ್ಯವಾಗಿ 0ಯಿಂದ 14ರವರೆಗೆ ಲೆಕ್ಕ. 7 ಅಂದ್ರೆ ಸಮ. 7ಕ್ಕಿಂತ ಕೆಳಗಿದ್ರೆ ಆಮ್ಲ, ಅಂದ್ರೆ ಹುಳಿ. ಮೇಲಿದ್ರೆ ಕ್ಷಾರ.

ಮನೆಯಲ್ಲಿರೋ ವಸ್ತುಗಳನ್ನೇ ನೋಡಿ. ನಿಂಬೆರಸ 2ರಿಂದ 2.5ರ ಆಸುಪಾಸು. ಮೊಸರು ಸುಮಾರು 4.5. ಹಾಲು 6.5ರ ಮೇಲೆ ಚೂರು. ಅಡುಗೆ ಸೋಡಾ ಕರಗಿಸಿದ ನೀರು 8ರ ಮೇಲೆ. ಎಲೆ ಅಡಿಕೆಗೆ ಹಚ್ಚೋ ಸುಣ್ಣದ ತಿಳಿ 12 ದಾಟುತ್ತೆ.

ಈ ಅಳತೆಯಲ್ಲಿ ಒಂದು ಅಂಕಿ ವ್ಯತ್ಯಾಸ ಅಂದ್ರೆ ಹತ್ತು ಪಟ್ಟು. ಪಿಎಚ್ 5 ಇರೋದು ಪಿಎಚ್ 6 ಇರೋದಕ್ಕಿಂತ ಹತ್ತು ಪಟ್ಟು ಹುಳಿ, ಪಿಎಚ್ 7ಕ್ಕಿಂತ ನೂರು ಪಟ್ಟು ಹುಳಿ. ಇದನ್ನ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬರುತ್ತೆ.

ಇನ್ನೊಂದು ಮಾತು. ಕ್ಷಾರ ಅಂದ ಮಾತ್ರಕ್ಕೆ ಒಳ್ಳೇದು, ಹುಳಿ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತೇನೂ ಇಲ್ಲ. ವೀಳ್ಯದೆಲೆಗೆ ಸುಣ್ಣ ಒಂದು ಚೂರು ಹೆಚ್ಚಾದ್ರೆ ಬಾಯಿ ಏನಾಗುತ್ತೆ ಅಂತ ಎಲೆ ಅಡಿಕೆ ಹಾಕೋರಿಗೆ ಹೇಳಿಕೊಡಬೇಕಿಲ್ಲ. ಅದು ಅಪ್ಪಟ ಆಲ್ಕಲೈನ್. ಇತ್ತ ನಾವು ತಲೆತಲಾಂತರದಿಂದ ಉಣ್ಣುತ್ತಾ ಬಂದಿರೋ ಮೊಸರು, ಮಜ್ಜಿಗೆ, ಹುಣಸೆಹಣ್ಣಿನ ಸಾರು ಎಲ್ಲವೂ ಹುಳಿ ಪಕ್ಷದವೇ.

ದೇಹದ ಪಿಎಚ್ ಅಂತ ಒಂದೇ ಇಲ್ಲ

‘ನಿಮ್ಮ ದೇಹದ ಪಿಎಚ್ ಎಷ್ಟು?’ ಅಂತ ಏಜೆಂಟರು ಕೇಳ್ತಾರೆ. ಪ್ರಶ್ನೆಯೇ ಸರಿ ಇಲ್ಲ. ದೇಹದ ಒಂದೊಂದು ಕಡೆ ಒಂದೊಂದು ಪಿಎಚ್, ಅದು ಹಾಗೇ ಇರಬೇಕು.

- ಜಠರದ ರಸ: 1.5ರಿಂದ 3.5. ಊಟದ ಜೊತೆ ಬರೋ ಕ್ರಿಮಿಗಳನ್ನ ಕೊಲ್ಲೋಕೆ, ಪ್ರೋಟೀನ್ ಕರಗಿಸೋಕೆ ಇಷ್ಟು ಹುಳಿ ಬೇಕೇ ಬೇಕು.
- ಜಠರ ದಾಟಿದ ಮೇಲೆ: ಮೇದೋಜೀರಕ ಗ್ರಂಥಿ ಕ್ಷಾರದ ರಸ ಸುರಿಸಿ ಆ ಹುಳಿಯನ್ನ ತಣ್ಣಗೆ ಮಾಡುತ್ತೆ.
- ಚರ್ಮದ ಮೇಲ್ಭಾಗ: ಸುಮಾರು 5. ಸ್ವಲ್ಪ ಹುಳಿ. ಸೋಂಕು ತಡೆಯೋಕೆ ಇದೂ ಒಂದು ಬೇಲಿ.
- ಮೂತ್ರ: 4.5ರಿಂದ 8ರವರೆಗೆ, ದಿನದಲ್ಲೇ ಏರಿಳಿಯುತ್ತೆ.
- ರಕ್ತ: 7.35ರಿಂದ 7.45. ಅಷ್ಟೇ.

ರಕ್ತದ ಸಾಲನ್ನ ಇನ್ನೊಮ್ಮೆ ನೋಡಿ. ಮೂತ್ರಕ್ಕೆ 4.5ರಿಂದ 8ರವರೆಗೆ ಓಡಾಡೋ ಜಾಗ ಇದೆ. ರಕ್ತಕ್ಕಿರೋದು ಕೂದಲೆಳೆಯಷ್ಟು ಜಾಗ. 6.8ಕ್ಕಿಂತ ಕೆಳಗೆ ಹೋದ್ರೆ ಅಥವಾ 7.8ಕ್ಕಿಂತ ಮೇಲೆ ಹೋದ್ರೆ ಮನುಷ್ಯ ಬದುಕೋದೇ ಕಷ್ಟ. ಒಂದು ಪ್ಲೇಟ್ ಮಂಡಕ್ಕಿ ಮಿರ್ಚಿ ತಿಂದಿದ್ದಕ್ಕೆ, ಎರಡು ಕಪ್ ಟೀ ಕುಡಿದಿದ್ದಕ್ಕೆ ರಕ್ತ ಹುಳಿಯಾಗೋ ಹಾಗಿದ್ರೆ ದಾವಣಗೆರೆಯಲ್ಲಿ ಜನ ಇರ್ತಾನೇ ಇರಲಿಲ್ಲ.

ರಕ್ತವನ್ನ ಕಾಯೋರು ಯಾರು?

ಕಾವಲು ಮೂರು ಹಂತದ್ದು.

ಮೊದಲನೇದು ರಕ್ತದಲ್ಲೇ ಇರೋ ಬೈಕಾರ್ಬನೇಟ್. ಹುಳಿ ಬಂದ ತಕ್ಷಣ ಹಿಡಿದು ಸಮ ಮಾಡೋದು ಇದರ ಕೆಲಸ. ಕ್ಷಣಗಳಲ್ಲಿ ಮುಗಿಯುತ್ತೆ.

ಎರಡನೇದು ಶ್ವಾಸಕೋಶ. ದೇಹದಲ್ಲಿ ಹುಟ್ಟೋ ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲಿ ಕರಗಿದಾಗ ಆಮ್ಲ ಆಗುತ್ತೆ. ನಾವು ಉಸಿರು ಬಿಟ್ಟಾಗೆಲ್ಲ ಅದು ಹೊರಗೆ ಹೋಗುತ್ತೆ. ರಕ್ತದಲ್ಲಿ ಹುಳಿ ಸ್ವಲ್ಪ ಜಾಸ್ತಿ ಆಯ್ತು ಅಂದ್ರೆ ಮೆದುಳು ಉಸಿರಾಟದ ವೇಗ ಹೆಚ್ಚಿಸುತ್ತೆ. ಬಸ್ ಹಿಡಿಯೋಕೆ ಓಡಿದ ಮೇಲೆ ಏದುಸಿರು ಬರೋದರಲ್ಲಿ ಈ ಲೆಕ್ಕವೂ ಇದೆ. ಇದು ನಿಮಿಷಗಳ ಕೆಲಸ.

ಮೂರನೇದು ಕಿಡ್ನಿ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರಿನಷ್ಟು ದ್ರವ ಸೋಸುತ್ತವೆ. ಹೆಚ್ಚಾದ ಹುಳಿಯನ್ನ ಮೂತ್ರಕ್ಕೆ ತಳ್ಳಿ, ಬೇಕಾದ ಬೈಕಾರ್ಬನೇಟನ್ನ ರಕ್ತಕ್ಕೆ ವಾಪಸ್ ಕಳಿಸ್ತವೆ. ಇದು ಗಂಟೆಗಳಿಂದ ದಿನಗಳವರೆಗೆ ನಡೆಯೋ ಕೆಲಸ.

ಹುಳಿ ಮಣ್ಣಿಗೆ ಸುಣ್ಣ ಹಾಕಿದ್ರೆ ರಸಸಾರ ಏರುತ್ತೆ, ಚೌಳು ಹಿಡಿದ ಗದ್ದೆಗೆ ಜಿಪ್ಸಂ ಹಾಕಿದ್ರೆ ದಾರಿಗೆ ಬರುತ್ತೆ. ಆಲ್ಕಲೈನ್ ಮಾರೋರು ಮನುಷ್ಯನ ದೇಹಕ್ಕೂ ಇದೇ ಲೆಕ್ಕ ಹಾಕ್ತಾರೆ. ಆದ್ರೆ ಮಣ್ಣಿಗೆ ಕಿಡ್ನಿ ಇಲ್ಲ, ಶ್ವಾಸಕೋಶ ಇಲ್ಲ. ಹಾಕಿದ್ದು ಅಲ್ಲೇ ಉಳಿಯುತ್ತೆ. ದೇಹ ಹಾಗಲ್ಲ, ಹೆಚ್ಚಾಗಿದ್ದನ್ನ ಹೊರಗೆ ಹಾಕಿ ತನ್ನ ಮಟ್ಟಕ್ಕೆ ತಾನು ಬರುತ್ತೆ.

ನಿಂಬೆಹಣ್ಣು ಹುಳಿ, ಆದ್ರೂ ‘ಆಲ್ಕಲೈನ್’ ಅಂತಾರಲ್ಲ?

ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಜನ ನಂಬೋದು. ನಿಂಬೆಯಲ್ಲಿರೋ ಸಿಟ್ರಿಕ್ ಆಮ್ಲವನ್ನ ದೇಹ ಉರಿಸಿ ನೀರು, ಕಾರ್ಬನ್ ಡೈಆಕ್ಸೈಡ್ ಮಾಡಿಬಿಡುತ್ತೆ. ಜೊತೆಗಿದ್ದ ಪೊಟ್ಯಾಶಿಯಂ ತರದ ಲವಣ ಉಳಿಯುತ್ತೆ. ಅದರಿಂದ ಮೂತ್ರ ಸ್ವಲ್ಪ ಕ್ಷಾರದ ಕಡೆ ವಾಲುತ್ತೆ. ಸೊಪ್ಪು, ತರಕಾರಿ, ಬಾಳೆಹಣ್ಣು ಕೂಡ ಹೀಗೇ. ಮಾಂಸ, ಮೊಟ್ಟೆ, ಮೀನು ತಿಂದಾಗ ಅದರ ಪ್ರೋಟೀನಿನಲ್ಲಿರೋ ಗಂಧಕದ ಅಂಶದಿಂದ ಆಮ್ಲ ಹುಟ್ಟುತ್ತೆ, ಮೂತ್ರ ಹುಳಿ ಕಡೆ ವಾಲುತ್ತೆ. ಧಾನ್ಯಗಳೂ ಸ್ವಲ್ಪ ಈ ಕಡೆಗೇ ಸೇರ್ತವೆ.

ಬದಲಾಗೋದು ಮೂತ್ರ, ರಕ್ತ ಅಲ್ಲ. ಮೂತ್ರಕ್ಕೆ ಪಟ್ಟಿ ಅದ್ದಿ ‘ನೋಡಿ, ಹುಳಿ ಇದೆ’ ಅಂತ ಹೆದರಿಸ್ತಾರಲ್ಲ, ಅದು ನಿಮ್ಮ ಕಿಡ್ನಿ ಸರಿಯಾಗಿ ಕಸ ಹೊರಗೆ ಹಾಕ್ತಿದೆ ಅನ್ನೋದನ್ನೇ ತೋರಿಸೋದು. ಪುರಸಭೆ ಗಾಡಿ ತುಂಬ ಕಸ ಇದ್ರೆ ಊರು ಗುಡಿಸಿದ್ದಾರೆ ಅಂತ ಅರ್ಥ, ಊರು ಗಲೀಜಾಗಿದೆ ಅಂತ ಅಲ್ಲ.

ಮೂತ್ರದ ಪಿಎಚ್‌ಗೆ ಬೆಲೆಯೇ ಇಲ್ಲ ಅಂತಲ್ಲ. ಯೂರಿಕ್ ಆಸಿಡ್‌ನಿಂದ ಆಗೋ ಕಿಡ್ನಿ ಕಲ್ಲಿಗೆ ಮೂತ್ರವನ್ನ ಕ್ಷಾರ ಮಾಡೋ ಔಷಧಿ ಡಾಕ್ಟರೇ ಕೊಡ್ತಾರೆ. ಅದು ಕಲ್ಲು ಯಾವ ಬಗೆಯದು ಅಂತ ನೋಡಿ, ಅಳತೆ ನೋಡಿ ಕೊಡೋದು.

ಮೊಬೈಲ್‌ನಲ್ಲಿ ಬರೋ ‘ಆಸಿಡ್ ಫುಡ್’ ಪಟ್ಟಿ ನೋಡಿ ಮೊಟ್ಟೆ, ಮೀನು, ಧಾನ್ಯ ಬಿಡೋರೂ ಇದ್ದಾರೆ. ಆ ಪಟ್ಟಿ ಪ್ರಕಾರ ಹೋದ್ರೆ ರಾಗಿ ಮುದ್ದೆ, ಜೋಳದ ರೊಟ್ಟಿಗೂ ಕೆಂಪು ಗುರುತು ಬೀಳುತ್ತೆ. ಬೆಳೆಯೋ ಮಕ್ಕಳು, ಬಸುರಿ-ಬಾಣಂತಿಯರು, ವಯಸ್ಸಾದವರು ಹೀಗೆ ಪ್ರೋಟೀನ್ ಬಿಟ್ಟರೆ ನಷ್ಟ ಅವರಿಗೇ. ಹುಳಿ ಆಹಾರದಿಂದ ಮೂಳೆಯ ಸುಣ್ಣ ಕರಗಿ ಹೋಗುತ್ತೆ ಅನ್ನೋ ಮಾತಿಗೂ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ಆಧಾರ ಸಿಕ್ಕಿಲ್ಲ.

ಬಣ್ಣ ಬದಲಾಗೋ ಡೆಮೊ

ಮಾರಾಟಕ್ಕೆ ಬರೋರು ಎರಡು ಗ್ಲಾಸು ಇಡ್ತಾರೆ. ಒಂದರಲ್ಲಿ ಮಾಮೂಲಿ ನೀರು, ಇನ್ನೊಂದರಲ್ಲಿ ಅವರ ನೀರು. ಎರಡಕ್ಕೂ ಒಂದೊಂದು ಹನಿ ಬಿಡ್ತಾರೆ. ಮಾಮೂಲಿ ನೀರು ಹಳದಿಯೋ ಹಸಿರೋ ಆಗುತ್ತೆ, ಅವರದ್ದು ನೀಲಿಯೋ ನೇರಳೆಯೋ ಆಗುತ್ತೆ. ನೋಡೋರು ಬೆರಗಾಗ್ತಾರೆ.

ಇದನ್ನ ನಮ್ಮ ಮನೆಗಳಲ್ಲಿ ಅಜ್ಜಿಯರ ಕಾಲದಿಂದ ಮಾಡ್ತಿದ್ದಾರೆ. ಮದುಮಕ್ಕಳಿಗೆ, ಬಾಣಂತಿಗೆ ಆರತಿ ಎತ್ತೋಕೆ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕ್ತಾರೆ, ಹಳದಿ ನೀರು ಕ್ಷಣದಲ್ಲಿ ಕೆಂಪಾಗುತ್ತೆ. ಅರಿಶಿನದ ಕಲೆ ಬಿದ್ದ ಬಿಳಿ ಅಂಗಿಗೆ ಸೋಪು ತಿಕ್ಕಿದಾಗ ಕೆಂಪಾಗೋದೂ ಇದೇ ಕಾರಣಕ್ಕೆ. ಕ್ಷಾರ ಸಿಕ್ಕಿದ್ರೆ ಅರಿಶಿನ ಬಣ್ಣ ಬದಲಿಸುತ್ತೆ. ಏಜೆಂಟರ ಹನಿಯೂ ಅಂಥದ್ದೇ ಒಂದು ಬಣ್ಣ. ಅದು ಗ್ಲಾಸಿನಲ್ಲಿರೋ ನೀರು ಕ್ಷಾರ ಅಂತ ಹೇಳುತ್ತೆ. ಕುಡಿದ ಮೇಲೆ ನಿಮ್ಮ ರಕ್ತ ಏನಾಗುತ್ತೆ ಅಂತ ಹೇಳಲ್ಲ.

ಕುಡಿದ ಮೇಲೆ ಏನಾಗುತ್ತೆ ಅನ್ನೋದಕ್ಕೆ ಲೆಕ್ಕ ಇದೆ. ಪಿಎಚ್ 9 ಇರೋ ಒಂದು ಲೀಟರ್ ನೀರು ತಗೊಳ್ಳಿ. ಜಠರದ ರಸದ ಪಿಎಚ್ 2 ಅಂತ ಇಟ್ಟುಕೊಳ್ಳಿ. ಬರೀ ಪಿಎಚ್ ಲೆಕ್ಕದಲ್ಲಿ ನೋಡಿದ್ರೆ ಆ ಒಂದು ಲೀಟರ್ ನೀರಿನ ಕ್ಷಾರವನ್ನೆಲ್ಲ ಸಮ ಮಾಡೋಕೆ ಜಠರದ ರಸ ಸಾಕಾಗೋದು ಒಂದು ಎಂಎಲ್. ನೀರಿನಲ್ಲಿ ಬೈಕಾರ್ಬನೇಟ್ ಇದ್ರೆ ಇನ್ನೊಂದಿಷ್ಟು ಎಂಎಲ್ ಬೇಕಾಗಬಹುದು. ಜಠರ ದಿನಕ್ಕೆ ತಯಾರಿಸೋ ರಸ ಸುಮಾರು ಎರಡು ಲೀಟರ್! ಲಕ್ಷ ರೂಪಾಯಿ ಮಿಷಿನ್ ಕೊಟ್ಟ ಕ್ಷಾರ ಗಂಟಲು ಇಳಿದು ಹೊಟ್ಟೆ ಮುಟ್ಟೋ ಹೊತ್ತಿಗೆ ಮುಗಿದಿರುತ್ತೆ.

ಕುಡಿಯೋ ನೀರಿಗೆ ಭಾರತೀಯ ಮಾನಕ ಬ್ಯೂರೋ ಹೇಳೋ ಪಿಎಚ್ 6.5ರಿಂದ 8.5. ನಲ್ಲಿ ನೀರಿರಲಿ, ಕಾಯಿನ್ ಹಾಕಿ ಕ್ಯಾನ್ ತುಂಬಿಸೋ ಶುದ್ಧ ನೀರಿನ ಘಟಕದ ನೀರಿರಲಿ, ಇದರೊಳಗಿದ್ರೆ ಸಾಕು. ನೀರಿನ ಬಗ್ಗೆ ನಿಜವಾಗಲೂ ತಲೆಕೆಡಿಸಿಕೊಳ್ಳಬೇಕಾದ ವಿಷಯ ಬೇರೆ ಇದೆ. ನಮ್ಮ ಜಿಲ್ಲೆಯಲ್ಲೇ ಜಗಳೂರು ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಸಮಸ್ಯೆ ಹಳೇದು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ದಾರಿ ಇಲ್ಲದಿದ್ರೆ 1.5ರವರೆಗೆ ಒಪ್ತಾರೆ. ಅದನ್ನ ದಾಟಿದ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಹಲ್ಲು, ಮೂಳೆ ಹಾಳಾಗ್ತವೆ. ಫ್ಲೋರೈಡ್ ಇದೆಯಾ, ನೈಟ್ರೇಟ್ ಇದೆಯಾ, ಕೊಳಚೆ ಸೇರಿದೆಯಾ ಅಂತ ಪಿಎಚ್ ಹನಿ ಹೇಳಲ್ಲ. ನೀರಿನ ಬಗ್ಗೆ ಅನುಮಾನ ಇದ್ರೆ ಪಂಚಾಯ್ತಿಗೆ ಹೇಳಿ ಪರೀಕ್ಷೆ ಮಾಡಿಸಿ.

‘ನೊಬೆಲ್ ಬಂದಿದೆ’ ಅನ್ನೋ ಮೆಸೇಜು

‘ಕ್ಯಾನ್ಸರ್ ಹುಳಿ ದೇಹದಲ್ಲಿ ಮಾತ್ರ ಬೆಳೆಯುತ್ತೆ, ಇದನ್ನ ಕಂಡುಹಿಡಿದಿದ್ದಕ್ಕೆ ಒಟ್ಟೋ ವಾರ್ಬರ್ಗ್ ಅವರಿಗೆ 1931ರಲ್ಲಿ ನೊಬೆಲ್ ಬಂತು’ ಅಂತ ಇನ್ನೊಂದು ಮೆಸೇಜು ಓಡಾಡುತ್ತೆ. ವಾರ್ಬರ್ಗ್ ಜರ್ಮನಿಯ ದೊಡ್ಡ ವಿಜ್ಞಾನಿ, 1931ರಲ್ಲಿ ನೊಬೆಲ್ ಬಂದಿದ್ದೂ ನಿಜ. ಆದ್ರೆ ಬಂದಿದ್ದು ಜೀವಕೋಶಗಳು ಆಮ್ಲಜನಕ ಬಳಸೋಕೆ ಬೇಕಾದ ಕಿಣ್ವದ ಕೆಲಸವನ್ನ ತೋರಿಸಿದ್ದಕ್ಕೆ. ಕ್ಯಾನ್ಸರ್ ಗಡ್ಡೆಯ ಕೋಶಗಳು ಸಕ್ಕರೆಯನ್ನ ಹೆಚ್ಚು ಬಳಸಿ ಲ್ಯಾಕ್ಟಿಕ್ ಆಮ್ಲ ಬಿಡ್ತವೆ ಅಂತಲೂ ಅವರು ಗಮನಿಸಿದ್ದರು. ಅಂದ್ರೆ ಗಡ್ಡೆಯೇ ತನ್ನ ಸುತ್ತ ಹುಳಿ ಮಾಡಿಕೊಳ್ಳುತ್ತೆ. ಹುಳಿಯಿಂದ ಗಡ್ಡೆ ಹುಟ್ಟುತ್ತೆ ಅನ್ನೋದು ಮಾತನ್ನ ತಲೆಕೆಳಗು ಮಾಡಿದ ಹಾಗೆ. ನಿಂಬೆರಸ, ಸೋಡಾ ಕುಡಿದು ಆ ಗಡ್ಡೆಯ ಸುತ್ತಲ ಪಿಎಚ್ ಬದಲಿಸೋಕೂ ಆಗಲ್ಲ.

ಈ ಸುಳ್ಳಿಗೆ ಜೀವ ಹೋಗಿರೋ ಲೆಕ್ಕ ಅಮೆರಿಕದ ಕೋರ್ಟಿನಲ್ಲಿದೆ. ರಾಬರ್ಟ್ ಯಂಗ್ ಅನ್ನೋನು ‘ಪಿಎಚ್ ಮಿರಾಕಲ್’ ಅಂತ ಪುಸ್ತಕ ಬರೆದು ಹೆಸರು ಮಾಡಿದ. ಲೈಸೆನ್ಸ್ ಇರೋ ವೈದ್ಯ ಅಲ್ಲ. ಕ್ಯಾಲಿಫೋರ್ನಿಯಾದ ತನ್ನ ತೋಟದ ಮನೆಯಲ್ಲಿ ಕ್ಯಾನ್ಸರ್ ರೋಗಿಗಳನ್ನ ಇಟ್ಟುಕೊಂಡು, ಅಡುಗೆ ಸೋಡಾದ ದ್ರಾವಣವನ್ನ ನರಕ್ಕೆ ಹಾಕಿಸ್ತಿದ್ದ. ಅಲ್ಲಿಗೆ ಹೋಗಿದ್ದ ಬ್ರಿಟನ್ ಸೇನೆಯ 27 ವರ್ಷದ ಮಹಿಳಾ ಅಧಿಕಾರಿಯೊಬ್ಬರು 2012ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. 2016ರಲ್ಲಿ ಸ್ಯಾನ್ ಡಿಯಾಗೋ ಕೋರ್ಟಿನಲ್ಲಿ, ಲೈಸೆನ್ಸ್ ಇಲ್ಲದೆ ವೈದ್ಯಕೀಯ ಮಾಡಿದ ಅಂತ ಅವನ ಮೇಲಿನ ಆರೋಪ ಸಾಬೀತಾಯಿತು. 2017ರಲ್ಲಿ ಶಿಕ್ಷೆ ಆಯಿತು. ಅವನ ಮಾತು ನಂಬಿ ಕೀಮೋ ಬಿಟ್ಟು ರೋಗ ಉಲ್ಬಣಿಸಿಕೊಂಡ ಇನ್ನೊಬ್ಬ ಮಹಿಳೆಗೆ 10.5 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ 2018ರಲ್ಲಿ ಜ್ಯೂರಿ ಹೇಳಿತು.

ದುಡ್ಡಿನ ತೀರ್ಪು ಬಂದ್ರೂ ಹೋದ ಕಾಲ ವಾಪಸ್ ಬರಲ್ಲ. ಕ್ಯಾನ್ಸರ್‌ನಲ್ಲಿ ಮೊದಲ ಕೆಲವು ತಿಂಗಳೇ ಎಲ್ಲಾ. ಆ ತಿಂಗಳುಗಳನ್ನ ನೀರು, ಪುಡಿ ಅಂತ ಕಳೆದ್ರೆ ವಾಸಿ ಆಗಬಹುದಾಗಿದ್ದ ರೋಗವೂ ಕೈಮೀರುತ್ತೆ.

ರಕ್ತ ನಿಜವಾಗಲೂ ಹುಳಿಯಾಗೋದು ಯಾವಾಗ?

ಇದನ್ನ ದಯವಿಟ್ಟು ಮನೆಯವರಿಗೂ ಓದಿ ಹೇಳಿ.

ಒಂದು, ಶುಗರ್ ಇರೋರು ಇನ್ಸುಲಿನ್ ಬಿಟ್ಟಾಗ. ಇನ್ಸುಲಿನ್ ಇಲ್ಲದೆ ಇದ್ರೆ ದೇಹ ಸಕ್ಕರೆ ಬಳಸೋಕಾಗದೆ ಕೊಬ್ಬನ್ನ ಉರಿಸೋಕೆ ಶುರು ಮಾಡುತ್ತೆ. ಆಗ ಕೀಟೋನ್ ಅನ್ನೋ ಆಮ್ಲಗಳು ತುಂಬಿಕೊಂಡು ರಕ್ತದ ಪಿಎಚ್ 7.3ಕ್ಕಿಂತ ಕೆಳಗೆ ಇಳಿಯಬಹುದು. ಅತಿಯಾದ ಬಾಯಾರಿಕೆ, ಪದೇಪದೇ ಮೂತ್ರ, ವಾಂತಿ, ಹೊಟ್ಟೆನೋವು, ಆಳವಾದ ಜೋರು ಉಸಿರಾಟ, ಬಾಯಲ್ಲಿ ಹಣ್ಣು ಕೊಳೆತ ತರದ ವಾಸನೆ, ಮಂಪರು ಇವು ಲಕ್ಷಣ. ತಕ್ಷಣ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಬೇಕು, ಒಂದು ರಾತ್ರಿ ತಡೆದ್ರೂ ಜೀವಕ್ಕೆ ಅಪಾಯ. ‘ಆಲ್ಕಲೈನ್ ಶುರು ಮಾಡಿದ್ರೆ ಇನ್ಸುಲಿನ್ ಬೇಡ’ ಅಂತ ಯಾರಾದ್ರೂ ಹೇಳಿದ್ರೆ ಅವರು ರಕ್ತವನ್ನ ಹುಳಿ ಮಾಡೋ ದಾರಿಯನ್ನೇ ತೋರಿಸ್ತಿದ್ದಾರೆ ಅಂತ ತಿಳ್ಕೊಳ್ಳಿ. ಮಾತ್ರೆ ಬಿಟ್ಟ ಮೇಲೆ ಸುಸ್ತು, ವಾಂತಿ ಆದ್ರೆ ‘ಒಳಗಿನ ವಿಷ ಹೊರಗೆ ಬರ್ತಿದೆ, ಹೆದರಬೇಡಿ’ ಅನ್ನೋ ಸಮಾಧಾನವನ್ನೂ ನಂಬಬೇಡಿ.

ಎರಡು, ಕಿಡ್ನಿ ಕೆಟ್ಟಾಗ. ಹುಳಿ ಹೊರಗೆ ಹಾಕೋ ಅಂಗವೇ ಸೋತ್ರೆ ಅದು ನಿಧಾನಕ್ಕೆ ಒಳಗೇ ಉಳಿಯುತ್ತೆ. ಇಂಥವರಿಗೆ ಡಾಕ್ಟರೇ ರಕ್ತಪರೀಕ್ಷೆ ನೋಡಿ ಸೋಡಿಯಂ ಬೈಕಾರ್ಬನೇಟ್ ಮಾತ್ರೆ ಕೊಡ್ತಾರೆ. ಇವರು ‘ಆಲ್ಕಲೈನ್ ಡಯಟ್’ ಅಂತ ತಾವಾಗೇ ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಜಾಸ್ತಿ ಮಾಡಿದ್ರೆ ಪೊಟ್ಯಾಶಿಯಂ ಏರಿ ಹೃದಯವೇ ನಿಂತುಹೋಗಬಹುದು. ಎಲ್ಲರಿಗೂ ಒಳ್ಳೇದು ಅನ್ನೋ ಎಳನೀರು ಇವರಿಗೆ ಅಳತೆ ಮೀರಿದ್ರೆ ಅಪಾಯ.

ಇದು ಬಿಟ್ರೆ ತೀವ್ರ ಭೇದಿ, ಮೈಗೆಲ್ಲಾ ಹರಡಿದ ಸೋಂಕು, ಶ್ವಾಸಕೋಶದ ದೊಡ್ಡ ಕಾಯಿಲೆ ಇದ್ದಾಗಲೂ ರಕ್ತದ ಪಿಎಚ್ ಏರುಪೇರಾಗುತ್ತೆ. ಇವೆಲ್ಲ ಆಸ್ಪತ್ರೆಯಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡಿ ಗೊತ್ತಾಗೋ ವಿಷಯ.

ಹೊಟ್ಟೆ ಉರಿ, ಹುಳಿ ತೇಗು: ಇದು ಬೇರೆ ಕತೆ

ನಾವು ‘ಆಸಿಡಿಟಿ’, ‘ಗ್ಯಾಸ್’ ಅನ್ನೋದಕ್ಕೂ ರಕ್ತ ಹುಳಿ ಆಗೋದಕ್ಕೂ ಸಂಬಂಧ ಇಲ್ಲ. ಜಠರದಲ್ಲಿ ಹುಳಿ ಇರಲೇಬೇಕು. ಅದು ಅನ್ನನಾಳಕ್ಕೆ ಮೇಲೆ ಬಂದಾಗ ಎದೆ ಉರಿ. ಜಠರದ ಒಳಪದರ ಗಾಯ ಆದಾಗ ಅಲ್ಸರ್. ಬಹುತೇಕ ಅಲ್ಸರ್‌ಗೆ ಕಾರಣ ಖಾರ ಅಲ್ಲ, ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ, ಇಲ್ಲಾ ನೋವಿನ ಮಾತ್ರೆ. ಈ ಬ್ಯಾಕ್ಟೀರಿಯಾ ಕಂಡುಹಿಡಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಯಾರೂ ನಂಬದಿದ್ದಾಗ ಮಾರ್ಷಲ್ ಬ್ಯಾಕ್ಟೀರಿಯಾವನ್ನ ತಾವೇ ಕುಡಿದು ತೋರಿಸಿದ್ದರು. ಇದಕ್ಕೆ ಕೆಲವು ದಿನಗಳ ಆಂಟಿಬಯಾಟಿಕ್ ಕೋರ್ಸ್ ಇದೆ. ಮಂಡಿನೋವು, ಸೊಂಟನೋವಿಗೆ ಅಂಗಡಿಯಲ್ಲಿ ಕೇಳಿ ತಗೊಂಡು ದಿನಾ ನುಂಗೋ ಮಾತ್ರೆ ಹೊಟ್ಟೆಯನ್ನ ಎಷ್ಟು ಸುಡುತ್ತೆ ಅನ್ನೋದನ್ನೂ ಯೋಚಿಸಿ.

ಎದೆ ಉರಿ ಇರೋರು ಮಾಡಬಹುದಾದ್ದು ಸರಳ. ರಾತ್ರಿ ಊಟ ಮಲಗೋ ಎರಡು ಮೂರು ಗಂಟೆ ಮುಂಚೆ ಮುಗಿಸಿ. ಒಂದೇ ಸಲ ಹೊಟ್ಟೆ ಬಿರಿಯ ಉಣ್ಣಬೇಡಿ. ಮಂಚದ ತಲೆಯ ಕಡೆ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ. ಬೀಡಿ, ಸಿಗರೇಟು, ಗುಟ್ಕಾ, ಎಣ್ಣೆ ಬಿಡಿ. ತೂಕ ಹೆಚ್ಚಿದ್ರೆ ಇಳಿಸಿ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸಿನ ಮಾತ್ರೆ ನುಂಗ್ತಾ ವರ್ಷಗಟ್ಟಲೆ ಕಳೆಯೋರು ಒಮ್ಮೆ ಡಾಕ್ಟರ ಹತ್ರ ಕೇಳಿ, ಅದು ಇನ್ನೂ ಬೇಕಾ ಅಂತ. ನುಂಗೋಕೆ ಕಷ್ಟ, ಮಲ ಕಪ್ಪಗೆ ಡಾಂಬರಿನ ಹಾಗೆ ಹೋಗೋದು, ರಕ್ತವಾಂತಿ, ಕಾರಣ ಇಲ್ಲದೆ ತೂಕ ಇಳಿಯೋದು ಇದ್ರೆ ತಡ ಮಾಡಬೇಡಿ.

ಎಲ್ಲಕ್ಕಿಂತ ಮುಖ್ಯ: ಎದೆ ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ ಆಗಿ ಬೆವರು ಕಿತ್ತು ಬಂದ್ರೆ, ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿದ್ರೆ ಅದನ್ನ ‘ಗ್ಯಾಸ್’ ಅಂತ ಸೋಡಾ, ಈನೋ ಕುಡಿದು ಮಲಗಬೇಡಿ. ಶುಗರ್ ಇರೋರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ಹೊಟ್ಟೆ ತೊಳಸು ಇರಬಹುದು. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರೋ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿಯನ್ನ ತಜ್ಞರಿಗೆ ಕಳಿಸಿ, ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಉಚಿತವಾಗಿ ಕೊಡೋ ವ್ಯವಸ್ಥೆ ಇದೆ. ಗ್ಯಾಸ್ ಅಂತಾದ್ರೆ ಒಳ್ಳೇದೇ ಆಯ್ತು, ಒಂದು ಇಸಿಜಿಯ ಖರ್ಚು ಅಷ್ಟೇ.

ಅಡುಗೆ ಸೋಡಾ ದಿನಾ ಕುಡಿಯಬಹುದಾ?

ಬೇಡ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,260 ಮಿಲಿಗ್ರಾಂ ಸೋಡಿಯಂ ಇರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳಿರೋ ಮಿತಿ 2,000 ಮಿಲಿಗ್ರಾಂ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರೋರು ‘ದೇಹ ಆಲ್ಕಲೈನ್ ಆಗಲಿ’ ಅಂತ ದಿನಾ ಸೋಡಾ ನೀರು ಕುಡಿದ್ರೆ ಬಿಪಿ ಏರುತ್ತೆ, ಮೈಯಲ್ಲಿ ನೀರು ತುಂಬುತ್ತೆ. ಅತಿಯಾದ್ರೆ ರಕ್ತ ಕ್ಷಾರದ ಕಡೆಗೇ ಜಾಸ್ತಿ ವಾಲಿ ಸ್ನಾಯು ಸೆಳೆತ, ಗೊಂದಲ, ಹೃದಯ ಬಡಿತದ ಏರುಪೇರು ಆಗಬಹುದು. ಆಲ್ಕಲೈನ್ ಪುಡಿಗಳಲ್ಲೂ ಸೋಡಾ ಇದೆಯಾ ಅಂತ ಡಬ್ಬಿ ಹಿಂದೆ ಓದಿ ನೋಡಿ.

ನಿಂಬೆ ನೀರು ಕುಡಿಯೋರಿಗೂ ಒಂದು ಮಾತು. ಕುಡಿದು ಆದ ಮೇಲೆ ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ, ತಕ್ಷಣ ಹಲ್ಲುಜ್ಜಬೇಡಿ. ನಿಂಬೆಯ ಹುಳಿ ರಕ್ತಕ್ಕೆ ಏನೂ ಮಾಡಲ್ಲ, ಹಲ್ಲಿನ ಹೊರಪದರವನ್ನ ಮಾತ್ರ ಸವೆಸುತ್ತೆ.

ಅಂಗಡಿಯವರು ಗಮನಿಸಿ

ಆಲ್ಕಲೈನ್ ನೀರನ್ನ ನೀರು ಅಂತ ಮಾರೋದರಲ್ಲಿ ತಪ್ಪಿಲ್ಲ. ‘ಕ್ಯಾನ್ಸರ್ ವಾಸಿ, ಶುಗರ್ ವಾಸಿ’ ಅಂತ ಬೋರ್ಡು ಹಾಕೋದು, ಸ್ಟೇಟಸ್ ಹಾಕೋದು ಬೇರೆ. ನೆನಪಿಟ್ಟುಕೊಳ್ಳಿ:

- ಕ್ಯಾನ್ಸರ್, ಶುಗರ್, ಬಿಪಿ ಮುಂತಾದ ರೋಗಗಳನ್ನ ಔಷಧಿಯೊಂದು ವಾಸಿ ಮಾಡುತ್ತೆ ಅಂತ ಜಾಹೀರಾತು ಮಾಡೋದನ್ನ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ನಿಷೇಧಿಸಿದೆ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.
- ಆಹಾರ ಪದಾರ್ಥದ ಬಗ್ಗೆ ದಾರಿತಪ್ಪಿಸೋ ಜಾಹೀರಾತು ಪ್ರಕಟಿಸಿದ್ರೆ, ಅದರಲ್ಲಿ ಪಾಲುದಾರರಾದ್ರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಕಂಪನಿ ಕೊಟ್ಟ ಪೋಸ್ಟರ್ ಅಂತ ಹೇಳಿ ತಪ್ಪಿಸಿಕೊಳ್ಳಬಹುದು ಅಂದ್ಕೊಂಡು ಅಂಟಿಸಬೇಡಿ.
- ಪ್ಯಾಕೆಟ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ ನೋಡಿ. ಆ ನಂಬರ್ ಇರೋದು ತಯಾರಕರಿಗೆ ಲೈಸೆನ್ಸ್ ಇದೆ ಅಂತ ಹೇಳೋಕೆ. ರೋಗ ವಾಸಿ ಮಾಡುತ್ತೆ ಅನ್ನೋದಕ್ಕೆ ಅದು ಸರ್ಟಿಫಿಕೇಟ್ ಅಲ್ಲ.
- ಬಿಲ್ಲು ಕೊಡದ, ಕಂಪನಿ ವಿಳಾಸ ಇಲ್ಲದ ಮಾಲು ಇಟ್ಟುಕೊಳ್ಳಬೇಡಿ. ಗಿರಾಕಿಗೆ ತೊಂದರೆ ಆದ ದಿನ ಏಜೆಂಟ್ ಫೋನ್ ಎತ್ತಲ್ಲ, ಅಂಗಡಿ ಮುಂದೆ ಬಂದು ನಿಲ್ಲೋದು ನಿಮ್ಮ ಊರಿನವರೇ.

ಹಾಗಾದ್ರೆ ಏನು ತಿನ್ನೋದು?

ಆಲ್ಕಲೈನ್ ಪಟ್ಟಿ ಹಿಡಿದವರಲ್ಲಿ ಕೆಲವರಿಗೆ ನಿಜವಾಗಲೂ ಆರಾಮ ಅನ್ನಿಸುತ್ತೆ. ಅದರಲ್ಲಿ ಆಶ್ಚರ್ಯ ಇಲ್ಲ. ಅವರು ಸೊಪ್ಪು, ತರಕಾರಿ, ಹಣ್ಣು ಜಾಸ್ತಿ ತಿಂತಾರೆ, ಬೇಕರಿ ತಿಂಡಿ, ಕೂಲ್‌ಡ್ರಿಂಕ್ಸ್, ಕರಿದಿದ್ದು, ಎಣ್ಣೆ ಬಿಡ್ತಾರೆ, ನೀರು ಸರಿಯಾಗಿ ಕುಡೀತಾರೆ. ನಾರಿನಂಶ, ಪೊಟ್ಯಾಶಿಯಂ ಸಿಗುತ್ತೆ, ಬಿಪಿಗೆ ಒಳ್ಳೇದು, ತೂಕ ಇಳಿಯುತ್ತೆ. ಗುಣ ಕೊಟ್ಟಿದ್ದು ಈ ಬದಲಾವಣೆ, ಪಿಎಚ್ ಅಲ್ಲ. ಇದಕ್ಕೆ ಮಿಷಿನ್ ಬೇಕಿಲ್ಲ, ವಾರದ ಸಂತೆಗೆ ಒಂದು ಚೀಲ ಹಿಡ್ಕೊಂಡು ಹೋದ್ರೆ ಆಯ್ತು.

ಮುದ್ದೆ, ರೊಟ್ಟಿ, ಅನ್ನ ಯಾವುದಾದ್ರೂ ಇರಲಿ, ತಟ್ಟೆಯಲ್ಲಿ ಅದರ ಪಾಲು ಸ್ವಲ್ಪ ಕಡಿಮೆ ಮಾಡಿ. ಸೊಪ್ಪಿನ ಪಲ್ಯ, ತರಕಾರಿ, ಕಾಳು ಹೆಚ್ಚು ಮಾಡಿ. ಮಜ್ಜಿಗೆ ಕುಡಿಯಿರಿ, ಉಪ್ಪು ಹಿಡಿತದಲ್ಲಿರಲಿ. ಮೊಟ್ಟೆ, ಮೀನು ತಿನ್ನೋರು ತಿನ್ನಿ. ಶುಗರ್, ಬಿಪಿ, ಕಿಡ್ನಿ ತೊಂದರೆ ಇರೋರು ಊಟ ಬದಲಿಸೋ ಮುಂಚೆ ನಿಮ್ಮ ಡಾಕ್ಟರನ್ನ ಕೇಳಿ. ನುಂಗ್ತಿರೋ ಮಾತ್ರೆ, ತಗೋತಿರೋ ಇನ್ಸುಲಿನ್ ಯಾರ ಮಾತು ಕೇಳಿಯೂ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.

ಮುಂದಿನ ಸಲ ಅಂಥ ಮೆಸೇಜು ಬಂದಾಗ ಫಾರ್ವರ್ಡ್ ಮಾಡೋ ಮುಂಚೆ ಒಂದು ಕ್ಷಣ ಯೋಚಿಸಿ, ನಿಮ್ಮ ಗ್ರೂಪಿನಲ್ಲಿ ಇನ್ಸುಲಿನ್ ತಗೊಳ್ಳೋರು ಎಷ್ಟು ಜನ ಇದ್ದಾರೆ ಅಂತ.